ಎನ್.ಎಂ.ಎಂ.ಎಸ್. ಪರೀಕ್ಷೆ: ಅನುಕ್ರಮ ಪ್ರಶ್ನೆಗಳನ್ನು ರೇಖಾಚಿತ್ರದ ಮೂಲಕ ಬಿಡಿಸುವ ಕ್ರಮ

(ಅರಭಾವಿ ಹಾಗೂ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಪಾಲಕರು ಮತ್ತು ವಿದ್ಯಾರ್ಥಿಗಳ ಮಾಹಿತಿಗಾಗಿ)

1. ಯೋಜನೆಯ ಹಿನ್ನೆಲೆ

ಆರ್ಥಿಕವಾಗಿ ಹಿಂದುಳಿದ ಕುಟುಂಬಗಳ ಪ್ರತಿಭಾವಂತ ಮಕ್ಕಳು 8ನೇ ತರಗತಿಯ ನಂತರ ಶಾಲೆ ಬಿಡುವುದನ್ನು ತಡೆಯುವ ಉದ್ದೇಶದಿಂದ ಕೇಂದ್ರ ಸರ್ಕಾರವು 2008ರಲ್ಲಿ ಈ ವಿದ್ಯಾರ್ಥಿವೇತನ ಯೋಜನೆಯನ್ನು ಜಾರಿಗೆ ತಂದಿತು. ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಹಾಗೂ ಅನುದಾನಿತ ಶಾಲೆಗಳಲ್ಲಿ 8ನೇ ತರಗತಿಯಲ್ಲಿ ಓದುತ್ತಿರುವ, ಪಾಲಕರ ವಾರ್ಷಿಕ ಆದಾಯ ರೂ. 3,50,000 ಮೀರದ ವಿದ್ಯಾರ್ಥಿಗಳು ಅರ್ಹರು. ಆಯ್ಕೆಯಾದವರಿಗೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ ರೂ. 12,000ರಂತೆ, ಒಟ್ಟು ರೂ. 48,000 ದೊರೆಯುತ್ತದೆ.

ಬೌದ್ಧಿಕ ಸಾಮರ್ಥ್ಯ ಪತ್ರಿಕೆಯಲ್ಲಿ 90 ಪ್ರಶ್ನೆಗಳಿಗೆ 90 ನಿಮಿಷಗಳ ಅವಕಾಶವಿದೆ. ಒಂದು ಪ್ರಶ್ನೆಗೆ ಒಂದೇ ನಿಮಿಷ. ಆದುದರಿಂದ ಅನುಕ್ರಮದ ಪ್ರಶ್ನೆಗಳನ್ನು ಮನಸ್ಸಿನಲ್ಲಿಯೇ ಲೆಕ್ಕ ಹಾಕದೆ, ಚಿತ್ರ ಬರೆದು ಬಿಡಿಸುವುದು ಸೂಕ್ತ.

2. ಮಾದರಿ ಪ್ರಶ್ನೆ

ಒಬ್ಬ ಅಧಿಕಾರಿಯು ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದರಂತೆ ಅರಭಾವಿ, ಕೌಜಲಗಿ, ಘಟಪ್ರಭಾ, ಮೂಡಲಗಿ ಮತ್ತು ಹುಕ್ಕೇರಿಗಳಿಗೆ ಭೇಟಿ ನೀಡುತ್ತಾರೆ.

ಅ) ಕೌಜಲಗಿಗೆ ಬುಧವಾರ ಭೇಟಿ.
ಆ) ಅರಭಾವಿಯ ಮರುದಿನವೇ ಮೂಡಲಗಿ.
ಇ) ಅರಭಾವಿಗಿಂತ ಮೊದಲು ಹುಕ್ಕೇರಿ.

3. ಬಿಡಿಸುವ ಹಂತಗಳು

ಮೊದಲನೆಯದಾಗಿ, ಐದು ಖಾಲಿ ಸ್ಥಾನಗಳನ್ನು ಬರೆದು, ಖಚಿತವಾದುದನ್ನು ತುಂಬತಕ್ಕದ್ದು:

ಸೋಮ __ | ಮಂಗಳ __ | ಬುಧ ಕೌ | ಗುರು __ | ಶುಕ್ರ __

ಎರಡನೆಯದಾಗಿ, ಉಳಿದ ಷರತ್ತುಗಳನ್ನು ಚಿಹ್ನೆಗಳಲ್ಲಿ ಬರೆಯತಕ್ಕದ್ದು. ಒಡನೆಯೇ ಬರುವ ಜೋಡಿಯನ್ನು ಒಂದೇ ಚೌಕದಲ್ಲಿ [ಅ ಮೂ] ಎಂದೂ, ಕೇವಲ ಹಿಂದುಮುಂದನ್ನು ಹು … ಅ ಎಂದೂ ಗುರುತಿಸಬಹುದು. ಮಧ್ಯದ ಚುಕ್ಕೆಗಳು ನಡುವೆ ಬೇರೆ ಊರು ಬರಬಹುದೆಂಬುದನ್ನು ಸೂಚಿಸುತ್ತವೆ. "ಮೊದಲು" ಎಂಬುದನ್ನು "ಹಿಂದಿನ ದಿನವೇ" ಎಂದು ಭಾವಿಸಿದಲ್ಲಿ ಉತ್ತರ ತಪ್ಪುತ್ತದೆ.

ಮೂರನೆಯದಾಗಿ, ಚೌಕಕ್ಕೆ ಸ್ಥಳ ಹುಡುಕತಕ್ಕದ್ದು. ಬುಧವಾರ ಭರ್ತಿಯಾಗಿರುವುದರಿಂದ ಸೋಮ-ಮಂಗಳ ಅಥವಾ ಗುರು-ಶುಕ್ರ ಮಾತ್ರ ಸಾಧ್ಯ. ಸೋಮವಾರ ಅರಭಾವಿಯಾದರೆ ಅದಕ್ಕಿಂತ ಮೊದಲು ಹುಕ್ಕೇರಿಗೆ ದಿನವಿರುವುದಿಲ್ಲ. ಆದ್ದರಿಂದ ಗುರುವಾರ ಅರಭಾವಿ, ಶುಕ್ರವಾರ ಮೂಡಲಗಿ:

ಸೋಮ ಹು/ಘ | ಮಂಗಳ ಘ/ಹು | ಬುಧ ಕೌ | ಗುರು ಅ | ಶುಕ್ರ ಮೂ

4. ಉತ್ತರಿಸುವಾಗ ಗಮನಿಸಬೇಕಾದ ಅಂಶಗಳು

ಘಟಪ್ರಭಾಕ್ಕೆ ಯಾವ ಷರತ್ತೂ ಇಲ್ಲ. ಆದ ಕಾರಣ ಸೋಮವಾರ ಮತ್ತು ಮಂಗಳವಾರಗಳಲ್ಲಿ ಹುಕ್ಕೇರಿ ಹಾಗೂ ಘಟಪ್ರಭಾ ಯಾವ ಕ್ರಮದಲ್ಲಾದರೂ ಬರಬಹುದು. "ಖಚಿತವಾಗಿ ಸರಿಯಾದುದು ಯಾವುದು?" ಎಂದು ಕೇಳಿದಲ್ಲಿ ಎರಡೂ ಕ್ರಮಗಳಲ್ಲಿ ಸರಿಹೊಂದುವ ಉತ್ತರವನ್ನೇ ಆರಿಸಬೇಕು, ಉದಾಹರಣೆಗೆ, ಗುರುವಾರ ಅರಭಾವಿ. "ಯಾವುದು ಸಾಧ್ಯ?" ಎಂದಲ್ಲಿ ಒಂದು ಕ್ರಮಕ್ಕೆ ಹೊಂದಿದರೂ ಸಾಕು, ಉದಾಹರಣೆಗೆ, ಸೋಮವಾರ ಘಟಪ್ರಭಾ. "ಘಟಪ್ರಭಾಕ್ಕಿಂತ ಮೊದಲು ಹುಕ್ಕೇರಿಯಾದಲ್ಲಿ" ಎಂಬ ಹೆಚ್ಚುವರಿ ಷರತ್ತು ಬಂದರೆ ಸೋಮವಾರ ಹುಕ್ಕೇರಿ, ಮಂಗಳವಾರ ಘಟಪ್ರಭಾ ಎಂದು ನಿಶ್ಚಯವಾಗುತ್ತದೆ. ಆ ಷರತ್ತು ಆ ಒಂದು ಪ್ರಶ್ನೆಗೆ ಮಾತ್ರ ಅನ್ವಯಿಸುತ್ತದೆ.

5. ಸೂಚನೆ

ವಿದ್ಯಾರ್ಥಿಯು ಬೌದ್ಧಿಕ ಸಾಮರ್ಥ್ಯ ಮತ್ತು ವ್ಯಾಸಂಗಿಕ ಪ್ರವೃತ್ತಿ ಪತ್ರಿಕೆಗಳಲ್ಲಿ ಕನಿಷ್ಠ ಶೇ. 40 (ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಶೇ. 32) ಅಂಕ ಪಡೆಯಬೇಕಾಗುತ್ತದೆ. ಅರ್ಜಿಯನ್ನು ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಸಲ್ಲಿಸತಕ್ಕದ್ದು. ಹೆಚ್ಚಿನ ವಿವರಗಳಿಗೆ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.