ಕೊಂಬೆಯಿಲ್ಲದ ಮರದಿಂದ ಭಾರ ಇಳಿಸುವುದು

ಒಮಾನಿನ ಹಳ್ಳಿಗಳಲ್ಲಿ ಖರ್ಜೂರದ ಮರ ಹತ್ತುವವರ ಸೊಂಟದ ಸುತ್ತ ಒಂದು ಹಗ್ಗವಿರುತ್ತದೆ, ಅದಕ್ಕೆ ಹಾಬೂಲ್ ಅಂತಾರೆ. ಆ ಮರದ ನಾರಿನಿಂದಲೇ ಹೊಸೆದದ್ದು. ಬೆನ್ನಿಗೆ ಆನುವ ಕಡೆ ಅಗಲವಾಗಿ ಹೆಣೆದಿರುತ್ತಾರೆ, ಉಳಿದದ್ದು ಕಾಂಡವನ್ನು ಬಳಸಿ ಬರುತ್ತದೆ. ಹಿಂದಕ್ಕೆ ವಾಲಿದಷ್ಟೂ ಅದು ಕಾಂಡವನ್ನು ಬಿಗಿಯಾಗಿ ಹಿಡಿಯುತ್ತದೆ. ಮುಂದೆ ಬಾಗಿ ಸಡಿಲಿಸಿ, ಒಂದು ಮೊಳ ಮೇಲೆತ್ತಿ ಹಾಕಿ, ಮತ್ತೆ ವಾಲುವುದು. ಕಡಿದ ಗರಿಗಳ ಬುಡವೇ ಮೆಟ್ಟಿಲು.

ನಾನು ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಬೆಳೆದವನು. ಗೊನೆ ಕೊಯ್ಯುವ ಕೊನೆಗೌಡ ಕಾಲಿಗೆ ತಳೆ ಎಂಬ ಕುಣಿಕೆ ಹಾಕಿ ಮರ ಏರುವುದನ್ನೂ ಕೆಳಗೊಬ್ಬ ನೇಣು ಎಂಬ ಹಗ್ಗ ಹಿಡಿದು ಕೊನೆ ಇಳಿಸಿಕೊಳ್ಳುವುದನ್ನೂ ನೋಡಿದ್ದೇನೆ. ಇಲ್ಲಿ ಒಮಾನಿನಲ್ಲೂ ಒಳ್ಳೆ ಖರ್ಜೂರದ ಗೊನೆಯನ್ನು ಎಸೆಯುವುದಿಲ್ಲ, ಹಗ್ಗದಲ್ಲಿ ಇಳಿಸುತ್ತಾರೆ. ಇಲ್ಲಿಯ ಬಿದಿಯಾ ಊರಿನ ಕಡೆ ಮಬ್ಸಲಿ ಎಂಬ ಖರ್ಜೂರದ ತಳಿಯನ್ನು ಕಾಯಿ ಹಳದಿಯಿರುವಾಗಲೇ ಕೊಯ್ದು, ದೊಡ್ಡ ಕಡಾಯಿಯಲ್ಲಿ ಬೇಯಿಸಿ, ಬಿಸಿಲಿಗೆ ಒಣಗಿಸಿ ಭಾರತಕ್ಕೆ ಕಳಿಸುತ್ತಾರೆ. ನಮ್ಮ ಬಾಣಂತಿಯರಿಗೆ ಕೊಡುವ ಉತ್ತುತ್ತೆ ಅದೇ ಬಗೆಯದು.

ಈಗ ಮಸ್ಕತ್‌ನಲ್ಲಿ ಉದ್ಯಾನ ಕೆಲಸದ ಮೇಲ್ವಿಚಾರಣೆ ನನ್ನದು. ಮನೆ ಪಕ್ಕದಲ್ಲಿ ಒಣಗಿ ನಿಂತ ಮರವನ್ನು ಬುಡಕ್ಕೆ ಕಡಿದು ಕೆಡವಲು ಜಾಗವಿರುವುದಿಲ್ಲ. ಮೇಲಿನಿಂದ ತುಂಡು ತುಂಡಾಗಿ ಇಳಿಸಬೇಕು. ಮಾವು, ಬೇವು ಆಗಿದ್ದರೆ ಮೇಲಿನ ಗಟ್ಟಿ ಕೊಂಬೆಗೆ ರಾಟೆ ಕಟ್ಟಬಹುದಿತ್ತು. ಖರ್ಜೂರಕ್ಕೆ ಕೊಂಬೆಯೇ ಇಲ್ಲ. ಹಾಗಾಗಿ ಕೊಯ್ಯುವ ಜಾಗದ ಕೆಳಗೆ ಕಾಂಡಕ್ಕೇ ಸ್ಲಿಂಗ್ ಸುತ್ತಿ, ಅದಕ್ಕೆ ರಾಟೆ ಸಿಕ್ಕಿಸುತ್ತೇವೆ. ಸ್ಲಿಂಗ್ ಎಂದರೆ ಪಾಲಿಯೆಸ್ಟರ್ ಎಳೆಗಳ ಗಟ್ಟಿ ಪಟ್ಟಿ ಅಥವಾ ಬಳೆ. ಅದರ ಬಣ್ಣವೇ ಅದರ ತಾಕತ್ತು ಹೇಳುತ್ತದೆ: ನೇರಳೆ 1 ಟನ್, ಹಸಿರು 2, ಹಳದಿ 3. ಆದರೆ ಕುಣಿಕೆ ಹಾಕಿ ಬಿಗಿದರೆ ಐದರಲ್ಲಿ ಒಂದು ಪಾಲು ಕಳೆದುಕೊಳ್ಳುತ್ತದೆ. 1 ಟನ್ನಿನದು ಆಗ 800 ಕೆ.ಜಿ.ಗಷ್ಟೇ ಸರಿ.

ಹೊಸ ಹುಡುಗರಿಗೆ ನಾನು ಮೊದಲು ಹೇಳುವ ಲೆಕ್ಕ ಇದು. ರಾಟೆಯ ಒಂದು ಕಡೆ 50 ಕೆ.ಜಿ. ತುಂಡು ತೂಗುತ್ತಿದೆ, ಇನ್ನೊಂದು ಕಡೆ ಕೆಳಗಿನವನು ಅಷ್ಟೇ ಬಲದಲ್ಲಿ ಹಿಡಿದಿದ್ದಾನೆ. ಸ್ಲಿಂಗಿನ ಮೇಲೆ ಬೀಳುವುದು 100. ತುಂಡು ರಾಟೆಗಿಂತ ಮೇಲಿದ್ದುದರಿಂದ ಕೊಯ್ದೊಡನೆ ಕೆಳಕ್ಕೆ ಬಿದ್ದು ಜಗ್ಗುತ್ತದೆ, ಆ ಜಗ್ಗು ತೂಕದ ಹಲವು ಪಟ್ಟು. ಅದಕ್ಕೇ ತುಂಡು ಚಿಕ್ಕದಿರಬೇಕು, ಹಗ್ಗ ಸಡಿಲವಿರಬಾರದು, ಕೆಳಗಿನವನು ಒಮ್ಮೆಲೇ ತಡೆಯದೆ ಸ್ವಲ್ಪ ಓಡಲು ಬಿಟ್ಟು ನಿಧಾನಕ್ಕೆ ನಿಲ್ಲಿಸಬೇಕು.

ಕ್ಯಾರಬೈನರ್, ಅಂದರೆ ಬಾಗಿಲಿರುವ ಲೋಹದ ಕೊಂಡಿ, ಅಂಗೈಯಲ್ಲಿಟ್ಟು ನೋಡಿ. ಬೆನ್ನ ಮೇಲೆ ಪುಟ್ಟ ಬಾಣಗಳ ಜೊತೆ ಅಂಕಿ ಕೆತ್ತಿರುತ್ತಾರೆ. ಉದ್ದಕ್ಕೆ 25 ಕಿಲೋನ್ಯೂಟನ್ ಎಂದಿದ್ದರೆ ಸುಮಾರು ಎರಡೂವರೆ ಟನ್ನಿಗೆ ಅದು ಮುರಿಯಬಹುದು ಎಂದರ್ಥ. ಅಡ್ಡಕ್ಕೆ ಎಳೆದಾಗಿನ ಅಂಕಿ, ಬಾಗಿಲು ತೆರೆದಿದ್ದಾಗಿನ ಅಂಕಿ ಎರಡೂ ಅದರ ಮೂರನೇ ಒಂದು ಪಾಲಿನ ಆಸುಪಾಸು. ಕೊಂಡಿ ಗರಿಯ ಬುಡದ ಮೊಂಡಿಗೆ ಒರಗಿ ತಿರುಗಿಕೊಂಡರೆ ಸಾಕು, ಅದು ಬೇರೆಯೇ ಕೊಂಡಿ. ಬಾಗಿಲು ತಾನಾಗಿ ಮುಚ್ಚಿ ಬೀಗ ಬೀಳುವಂಥದನ್ನೇ ನಾವು ಬಳಸುತ್ತೇವೆ. ಆದರೂ ಮರಳು ಸಿಕ್ಕಿಕೊಂಡು ಬೀಗ ಅರ್ಧಕ್ಕೇ ನಿಲ್ಲುವುದುಂಟು, ಬೆರಳಲ್ಲಿ ಒತ್ತಿ ನೋಡದೆ ಭಾರ ಕೊಡುವಂತಿಲ್ಲ.

ಹಣ್ಣು ಕೊಡುವ ಜೀವಂತ ಮರಕ್ಕೆ ಮುಳ್ಳಿನ ಬೂಟು ಹಾಕಿ ಹತ್ತಲು ನಾನು ಬಿಡುವುದಿಲ್ಲ. ಮಾವಿನಂತೆ ಖರ್ಜೂರ ಗಾಯದ ಮೇಲೆ ಹೊಸ ತೊಗಟೆ ಬೆಳೆಸಿಕೊಳ್ಳಲಾರದು. ತೂತು ತೂತಾಗಿಯೇ ಉಳಿಯುತ್ತದೆ. 1993ರಲ್ಲಿ ಒಮಾನಿಗೆ ಕಾಲಿಟ್ಟ ಕೆಂಪು ಮೂತಿಹುಳಕ್ಕೆ ಅಂಥ ಗಾಯದ ವಾಸನೆಯೇ ಕರೆ.

ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30 ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ, ಇಲ್ಲಿಯ ಕಾನೂನು. ಜನ ನೆರಳಿಗೆ ಹೋಗುವಾಗ ಸ್ಲಿಂಗುಗಳೂ ನೆರಳಿಗೆ ಹೋಗಬೇಕು. ಬಿಸಿಲು ಪಾಲಿಯೆಸ್ಟರನ್ನು ಒಳಗಿಂದೊಳಗೇ ಸೋಲಿಸುತ್ತದೆ, ಹೊಕ್ಕ ಮರಳು ಎಳೆಗಳನ್ನು ಕೊಯ್ಯುತ್ತದೆ. ಬಣ್ಣ ಮಾಸಿ, ಮಡಚಿದರೆ ಬಿರುಸಾಗಿ ನಿಲ್ಲುವ ಪಟ್ಟಿಯನ್ನು ಕತ್ತರಿಸಿ ಎರಡು ಮಾಡಿಯೇ ಬಿಸಾಡುತ್ತೇವೆ. ಇಡಿಯಾಗಿ ಬಿಟ್ಟರೆ ನಾಳೆ ಯಾರೋ ಅದನ್ನೇ ಹೆಗಲಿಗೇರಿಸಿಕೊಂಡು ಮರ ಹತ್ತುತ್ತಾರೆ.