ಸ್ವಲೀನತೆಯುಳ್ಳ ಎಳೆಯ ಮಕ್ಕಳೊಡನೆ ದುಡಿಯುವ ಸಿಬ್ಬಂದಿಗೆ ಒಡನಾಟದ ತರಬೇತಿ

1943ರಲ್ಲಿ ಲಿಯೊ ಕ್ಯಾನರ್ ಅವರು ಹನ್ನೊಂದು ಮಕ್ಕಳ ಅಧ್ಯಯನದ ಮೂಲಕ ಸ್ವಲೀನತೆಯನ್ನು, ಅಂದರೆ ಆಟಿಸಂ ಅನ್ನು, ನಿರೂಪಿಸಿದ ಮೇಲೆ, ಇತರರೊಡನೆ ಬೆರೆಯುವಲ್ಲಿನ ತೊಡಕನ್ನು ಮಗುವಿನ ಕೊರತೆಯೆಂದೇ ಬಹುಕಾಲ ಪರಿಗಣಿಸಲಾಯಿತು. ಸ್ವತಃ ಸ್ವಲೀನತೆಯುಳ್ಳ ಬ್ರಿಟಿಷ್ ವಿದ್ವಾಂಸ ಡೇಮಿಯನ್ ಮಿಲ್ಟನ್ ಅವರು 2012ರಲ್ಲಿ ಈ ತೊಡಕು ಉಭಯಪಕ್ಷದ್ದೆಂದು ವಾದಿಸಿದರು. ಮಗುವಿಗೆ ನಮ್ಮ ಮನಸ್ಸು ತಿಳಿಯದಿರುವಂತೆಯೇ ನಮಗೂ ಮಗುವಿನ ಮನಸ್ಸು ತಿಳಿಯದು. ಈ ಮಾತನ್ನು ಒಪ್ಪಿದರೆ ಶಿಕ್ಷಕಿ, ಚಿಕಿತ್ಸಕ, ಆಯಾ ಇವರ ಒಡನಾಟದ ಕೌಶಲವೂ ವಿಚಾರಣೆಗೆ ಒಳಪಡಬೇಕಾಗುತ್ತದೆ.

ಒಂದು ನಿದರ್ಶನವನ್ನು ಗಮನಿಸಬಹುದು. ನೀರು ಬೇಕಾದ ಮಗುವು ತಾನು ಕೇಳಿದ ಪ್ರಶ್ನೆಯನ್ನೇ ಪುನರುಚ್ಚರಿಸಿ ‘ನಿನಗೆ ನೀರು ಬೇಕಾ?’ ಎನ್ನುತ್ತದೆ. ತರಬೇತಿಯಿಲ್ಲದ ಸಿಬ್ಬಂದಿ ಇದನ್ನು ಅರ್ಥಹೀನ ಗಿಳಿಪಾಠವೆಂದು ಕಡೆಗಣಿಸಬಹುದು ಅಥವಾ ಗದರಿಸಬಹುದು. ಆದರೆ ಇಂತಹ ಮರುನುಡಿಗೆ ಕೋರಿಕೆ, ಸಮ್ಮತಿ, ಸರದಿಯ ನಿರ್ವಹಣೆ ಮೊದಲಾದ ಪ್ರಯೋಜನಗಳಿರುವುದನ್ನು ಪ್ರಿಜಾಂಟ್ ಮತ್ತು ಡುಕನ್ ಅವರು 1981ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ತರಬೇತಿ ಪಡೆದವರು ಅದನ್ನು ಕೋರಿಕೆಯೆಂದು ಗ್ರಹಿಸಿ, ‘ನನಗೆ ನೀರು ಬೇಕು’ ಎಂದು ಮಗುವಿನ ಪರವಾಗಿ ನುಡಿದು, ನೀರು ಕೊಡುತ್ತಾರೆ. ಮಗುವಿನ ದೃಷ್ಟಿ ನೆಟ್ಟಿರುವ ವಸ್ತುವನ್ನು ಅನುಸರಿಸುವುದು, ಮಾತನ್ನು ಕಿರಿದುಗೊಳಿಸುವುದು, ಉತ್ತರಕ್ಕಾಗಿ ತಾಳ್ಮೆಯಿಂದ ಕಾಯುವುದು, ಕಣ್ಣಿಗೆ ಕಣ್ಣಿಟ್ಟು ನೋಡುವಂತೆ ಒತ್ತಾಯಿಸದಿರುವುದು ಇವೂ ಇದೇ ಬಗೆಯ ಕೌಶಲಗಳು.

ಇವು ಕೇವಲ ಉಪನ್ಯಾಸದಿಂದ ಸಿದ್ಧಿಸುವುದಿಲ್ಲ. ವರ್ತನಾ ಕೌಶಲ ತರಬೇತಿಯೆಂಬ ಕ್ರಮದಲ್ಲಿ ನಾಲ್ಕು ಹಂತಗಳಿವೆ: ವಿವರಣೆ, ಮಾದರಿ ಪ್ರದರ್ಶನ, ಅಭ್ಯಾಸ, ಹಿಮ್ಮಾಹಿತಿ. ಕೊನೆಯ ಎರಡನ್ನು ಬಿಟ್ಟ ತರಬೇತಿಯಿಂದ ಸಿಬ್ಬಂದಿಯ ತಿಳಿವಳಿಕೆ ಹೆಚ್ಚಬಹುದು. ನಡವಳಿಕೆ ಬದಲಾಗುವುದು ವಿರಳ.

ಸಿಬ್ಬಂದಿಯು ಮಗುವಿನೊಡನೆ ಮಾತ್ರವಲ್ಲದೆ ತಂದೆತಾಯಿಯರೊಡನೆಯೂ ವ್ಯವಹರಿಸಬೇಕು. ತಾಯಿಯ ನಿರ್ಮಮತೆಯೇ ಸ್ವಲೀನತೆಗೆ ಕಾರಣವೆಂಬ, ಬ್ರೂನೊ ಬೆಟಲ್‌ಹೈಮ್ ಅವರ 1967ರ ಗ್ರಂಥದಿಂದ ಪ್ರಚಾರ ಪಡೆದ ಮತವು ಇಂದು ಸಂಪೂರ್ಣ ನಿರಾಕೃತವಾಗಿದೆ. ಆದರೂ ಆರೋಪದ ಧ್ವನಿ ಮಾತಿನಲ್ಲಿ ಸುಳಿದರೆ ಪೋಷಕರು ದೂರ ಸರಿಯುತ್ತಾರೆ. ಈ ದೃಷ್ಟಿಯಿಂದ ಗೋವಾ ಹಾಗೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಕುಟುಂಬಗಳೊಡನೆ ನಡೆದು 2016ರಲ್ಲಿ ಪ್ರಕಟವಾದ ‘ಪಾಸ್’ ಪ್ರಯೋಗವು ಗಮನಾರ್ಹ. ಅಲ್ಲಿ ಪೋಷಕರಿಗೆ ಮಾರ್ಗದರ್ಶನ ನೀಡಿದವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ತಾಯಿ-ಮಗುವಿನ ಆಟದ ವಿಡಿಯೋವನ್ನು ತಾಯಿಯೊಡನೆ ಕುಳಿತು ನೋಡಿ, ಅದರಲ್ಲಿ ಫಲಿಸಿದ ಕ್ಷಣಗಳನ್ನು ಗುರುತಿಸುವುದು ಅವರ ವಿಧಾನದ ತಿರುಳು. ಪೋಷಕರ ಸ್ಪಂದನೆಯೂ ಮಗು ತಾನಾಗಿ ಸಂವಹನಕ್ಕೆ ತೊಡಗುವುದೂ ಹೆಚ್ಚಿದವು. ಆದರೆ ಇಬ್ಬರೂ ಕೂಡಿ ಗಮನ ಹರಿಸುವ ಅವಧಿ ಹೆಚ್ಚಲಿಲ್ಲ ಎಂಬುದನ್ನೂ ಮರೆಯಲಾಗದು.

ಸ್ವಲೀನತೆಯನ್ನು 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮವೂ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವೂ ಮಾನ್ಯ ಮಾಡಿವೆ. ಕಾನೂನು ಕೊಟ್ಟ ಹಕ್ಕು ಮಗುವಿಗೆ ತಲುಪುವುದು ದಿನನಿತ್ಯ ಅದರೆದುರು ಕುಳಿತುಕೊಳ್ಳುವ ಸಿಬ್ಬಂದಿಯ ಮೂಲಕ. ತಜ್ಞರು ವಿರಳವಾಗಿರುವ ನಮ್ಮ ತಾಲ್ಲೂಕುಗಳಲ್ಲಿ ಅಂಗನವಾಡಿ ಮತ್ತು ಆರೋಗ್ಯ ಕಾರ್ಯಕರ್ತೆಯರ ತರಬೇತಿಯಲ್ಲಿ ಅಭ್ಯಾಸಕ್ಕೂ ಹಿಮ್ಮಾಹಿತಿಗೂ ಕಾಲಾವಕಾಶ ಕಲ್ಪಿಸುವುದು ಆದ್ಯ ಕರ್ತವ್ಯವೆನ್ನಬಹುದು.