ತಾಳಿಕೋಟೆ ಕದನ: ಹರಿಹರದಿಂದ ನೋಡಿದಾಗ

1565ರ ಜನವರಿ 23ರಂದು ವಿಜಯನಗರ ಸಾಮ್ರಾಜ್ಯ ಮುಳುಗಿತು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ ನಾವೆಲ್ಲ. ಯುದ್ಧ ದೊಡ್ಡದು, ಸೋಲೂ ದೊಡ್ಡದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಸುತ್ತ ಬೆಳೆದ ಕಥೆಗಳನ್ನು ದಾವಣಗೆರೆ ಸೀಮೆಯಲ್ಲಿ ನಿಂತು ಪರೀಕ್ಷಿಸಿದರೆ ಕೆಲವು ಉಳಿಯುವುದಿಲ್ಲ.

ನಂಬಿಕೆ: ಯುದ್ಧ ನಡೆದದ್ದು ತಾಳಿಕೋಟೆಯಲ್ಲಿ.
ಸತ್ಯ: ತಾಳಿಕೋಟೆ ವಿಜಯನಗರದ ವಿರುದ್ಧ ಒಂದಾದ ದಖ್ಖನಿನ ಸುಲ್ತಾನರ ಸೇನೆಗಳು ಕೂಡಿಕೊಂಡ ಊರು. ಕಾದಾಟ ನಡೆದದ್ದು ಅಲ್ಲಿಂದ ದಕ್ಷಿಣಕ್ಕೆ, ಕೃಷ್ಣಾ ನದಿಯ ಆಸುಪಾಸಿನಲ್ಲಿ. ರಕ್ಕಸಗಿ-ತಂಗಡಗಿ ಕದನ ಎಂಬ ಹೆಸರು ಬಂದದ್ದು ಅದರಿಂದಲೇ.

ನಂಬಿಕೆ: ಸೋತ ಅರಸ ರಾಮರಾಯ.
ಸತ್ಯ: ಸಿಂಹಾಸನ ಸದಾಶಿವರಾಯನದು. ಕೃಷ್ಣದೇವರಾಯನ ಅಳಿಯ ರಾಮರಾಯ ಅಧಿಕಾರವನ್ನೆಲ್ಲ ಕೈಯಲ್ಲಿಟ್ಟುಕೊಂಡಿದ್ದ, ಅಷ್ಟೆ.

ನಂಬಿಕೆ: ಅದು ಹಿಂದೂ-ಮುಸ್ಲಿಂ ಧರ್ಮಯುದ್ಧ.
ಸತ್ಯ: ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರಾಮರಾಯ ಯೌವನದಲ್ಲಿ ಗೋಲ್ಕೊಂಡದ ಚಾಕರಿಯಲ್ಲಿದ್ದವನು. ಅವನ ವಿರುದ್ಧ ನಿಂತ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ, ಪಟ್ಟಕ್ಕೆ ಬರುವ ಮೊದಲು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ. ವಿಜಾಪುರದ ಅಲಿ ಆದಿಲ್ ಶಾ ರಾಮರಾಯನ ಮನೆಗೆ ಬಂದು ಮಗನಂತೆ ಉಪಚಾರ ಪಡೆದವನು. ಅವನೂ ರಾಮರಾಯನೂ ಸೇರಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದರು. ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುವ ರಾಮರಾಯನ ಆಟ ಅತಿಯಾದಾಗ ಸುಲ್ತಾನರು ಹಳೆಯ ಹಗೆ ಮರೆತರು. ಅಹಮದ್‌ನಗರದ ಚಾಂದ್ ಬೀಬಿಯನ್ನು ಅಲಿ ಆದಿಲ್ ಶಾನಿಗೆ ಕೊಟ್ಟು ಬೀಗತನವನ್ನೂ ಬೆಳೆಸಿದರು. ವಿಜಯನಗರದ ಸೇನೆಯಲ್ಲಿ ಮುಸ್ಲಿಂ ಸೈನಿಕರಿದ್ದರು, ಸುಲ್ತಾನರ ಕಡೆ ಮರಾಠರಿದ್ದರು. ಧರ್ಮದ ಮಾತು ಆಗ ಇರಲೇ ಇಲ್ಲ ಎನ್ನಲಾಗದು, ಆದರೆ ಕಾರಣ ಗಡಿ, ಕೋಟೆ, ಅಹಂಕಾರ.

ನಂಬಿಕೆ: ಅಂದಿಗೇ ಎಲ್ಲ ಮುಗಿಯಿತು.
ಸತ್ಯ: ಹಾಳಾದದ್ದು ರಾಜಧಾನಿ. ರಾಮರಾಯನ ತಮ್ಮ ತಿರುಮಲ ಪೆನುಕೊಂಡೆಯಲ್ಲಿ ನೆಲೆ ನಿಂತ. ಅವನದೇ ಅರವೀಡು ವಂಶದ ಎರಡನೇ ವೆಂಕಟಪತಿ 1586ರಿಂದ 1614ರವರೆಗೆ ಆಳಿದ. 1639ರಲ್ಲಿ ಇಂಗ್ಲಿಷರಿಗೆ ಮದ್ರಾಸಿನ ನೆಲ ಸಿಕ್ಕಿದ್ದೂ ಈ ಅರಸರ ಕೈಕೆಳಗಿನ ನಾಯಕನಿಂದ.

ನಮ್ಮ ಸೀಮೆಯಲ್ಲಂತೂ ಆಮೇಲಿನದೇ ಕುತೂಹಲದ ಕಥೆ. ಮತ್ತಿ ತಿಮ್ಮಣ್ಣ ನಾಯಕನಿಗೆ ಚಿತ್ರದುರ್ಗದ ನಾಯಕತನ ಬಂದದ್ದು 1568ರಲ್ಲಿ ಎಂಬುದು ಸಾಮಾನ್ಯವಾಗಿ ಒಪ್ಪಿದ ಲೆಕ್ಕ. ಅಂದರೆ ಕದನ ಮುಗಿದ ಮೂರು ವರ್ಷಕ್ಕೆ. ಸಂತೆಬೆನ್ನೂರಿನ ಪುಷ್ಕರಣಿ ಕಟ್ಟಿಸಿದವನು ಅಲ್ಲಿನ ಪಾಳೇಗಾರ ಹನುಮಪ್ಪ ನಾಯಕ. ಅದರ ಪಕ್ಕದ ಮುಸಾಫಿರಖಾನೆ ವಿಜಾಪುರದ ಸೇನಾನಿ ರಣದುಲ್ಲಾಖಾನನ ಕಾಲದ್ದು. ಆ ಸೇನೆ ಇಲ್ಲಿಗೆ ಬಂದದ್ದು 17ನೇ ಶತಮಾನದಲ್ಲಿ, ಕದನದ ಮರುದಿನವಲ್ಲ.

ಹರಿಹರವನ್ನೇ ನೋಡಿ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿ ಇಂದಿಗೂ ನಿಂತಿದೆ. ವಿಜಯನಗರದ ಹಿಡಿತ ಸಡಿಲವಾದ ಮೇಲೆ ತರೀಕೆರೆಯ ಪಾಳೇಗಾರರು ಊರನ್ನು ಹಿಡಿದು ಕೋಟೆ ಕಟ್ಟಿದರು. ಅವರಿಂದ ಸವಣೂರು ನವಾಬರು ಕಿತ್ತುಕೊಂಡರು, ಆಮೇಲೆ ಅದನ್ನು ಬಿದನೂರಿನ ಅರಸರಿಗೆ ಲಕ್ಷ ರೂಪಾಯಿಗೆ ಮಾರಲಾಯಿತು ಎನ್ನುತ್ತವೆ ಗೆಜೆಟಿಯರ್‌ಗಳು. (ಊರನ್ನು ಮಾರುವುದೂ ಆಗ ನಡೆಯುತ್ತಿತ್ತು!) ಮುಂದೆ ಮರಾಠರು, 1763ರಲ್ಲಿ ಹೈದರಾಲಿ. ದಾವಣಗೆರೆಯನ್ನು ಹೈದರ್ ಮರಾಠಾ ಸರದಾರನೊಬ್ಬನಿಗೆ ಜಹಗೀರಾಗಿ ಕೊಟ್ಟ. ಅವನು ವರ್ತಕರನ್ನು ಕರೆತಂದು ಪೇಟೆ ಬೆಳೆಸಿದ.

ಇಲ್ಲಿ ಆಳ್ವಿಕೆ ಬದಲಾದದ್ದು ಎರಡು ಶತಮಾನಗಳ ಉದ್ದಕ್ಕೆ, ಕೈಯಿಂದ ಕೈಗೆ. ನಮ್ಮ ಪಠ್ಯಪುಸ್ತಕಗಳು 1565ರ ಎದುರು ‘ಸಾಮ್ರಾಜ್ಯದ ಅಂತ್ಯ’ ಎಂದು ಬರೆಯುವುದನ್ನು ಬಿಟ್ಟು ‘ರಾಜಧಾನಿಯ ಅಂತ್ಯ’ ಎಂದು ತಿದ್ದಿಕೊಳ್ಳಲಿ.